ಸೀಸದ ಗುಂಡಿನ ಪಾಠಶೋಧನೆ

ಸೀಸಕ್ಕೆ ತನ್ನದೆಂಬ ವಾಸನೆಯಿಲ್ಲವೆಂದು ರಸಾಯನಶಾಸ್ತ್ರ ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಮೈಸೂರಿನ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತ ಯೌವನವನ್ನು ಕಳೆದ ನನ್ನಂಥವನಿಗೆ, ಸವೆದ ಅಚ್ಚುಮೊಳೆಗಳನ್ನು ಮಸಿಯ ಜಿಡ್ಡಿನೊಡನೆಯೇ ಬಾಣಲೆಗೆ ಸುರಿದು ಕರಗಿಸುವಾಗ ಏಳುತ್ತಿದ್ದ ಹೊಗೆಯ ವಾಸನೆ ಎಷ್ಟು ಪರಿಚಿತವೆಂದರೆ, ಪೆನ್ಸಿಲ್ವೇನಿಯದಲ್ಲಿ ಮಗಳ ಮನೆಯ ಹಿತ್ತಿಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದ ಒಂದು ಬೆಳಗ್ಗೆ ಪಕ್ಕದ ಮನೆಯ ಗ್ಯಾರೇಜಿನಿಂದ ಅದೇ ವಾಸನೆ ತೇಲಿಬರಲು, ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟು, ಬೇಲಿಯೆಂಬುದೇ ಇಲ್ಲದ ಆ ಹುಲ್ಲುಹಾಸನ್ನು ದಾಟಿ, ಕರೆಯದ ಅತಿಥಿಯಾಗಿ ಹೋಗಿ ಬಾಗಿಲಲ್ಲಿ ನಿಂತುಬಿಟ್ಟೆನು.

ಒಳಗೆ, ಲೇತ್ ಯಂತ್ರದ ಕೆಲಸದಿಂದ ನಿವೃತ್ತರಾದ, ಎಪ್ಪತ್ತು ಮೀರಿದ ಗೃಹಸ್ಥರೊಬ್ಬರು ವಿದ್ಯುತ್ ಕುಲುಮೆಯ ಮುಂದೆ ಕುಳಿತು, ಬೆಳ್ಳಿಯಂತೆ ಹೊಳೆಯುವ ದ್ರವವನ್ನು ಸಣ್ಣ ಸೌಟಿನಿಂದ ಮೊಗೆದು ಕಬ್ಬಿಣದ ಅಚ್ಚೊಂದಕ್ಕೆ ಹೊಯ್ಯುತ್ತಿದ್ದರು. ಹೊಯ್ದು, ಮೇಲ್ಮೈಯ ಹೊಳಪು ಮಂಕಾಗುವವರೆಗೆ ಎರಡು ಮೂರು ಉಸಿರಿನಷ್ಟು ಹೊತ್ತು ತಡೆದು, ಅಚ್ಚಿನ ತಲೆಯ ತಟ್ಟೆಗೆ ಮರದ ಕೊಡತಿಯಿಂದ ಒಂದು ಪೆಟ್ಟು ಕೊಡುವರು. ಎರಡು ಹೋಳಾಗಿ ಬಾಯ್ದೆರೆದ ಅಚ್ಚಿನಿಂದ ಎರಡು ಗುಂಡುಗಳು, ಮಡಿಸಿಟ್ಟ ಹಳೆಯ ಟವೆಲಿನ ಮೇಲೆ ಟಪ್ಪೆಂದು ಬೀಳುವುವು. ಕುಲುಮೆಯ ಪಕ್ಕದಲ್ಲಿ, ಇನ್ನೂ ಕರಗದ, ಬೆರಳುದ್ದದ ಲೋಹದ ಪಟ್ಟಿಗಳ ರಾಶಿ. ಪ್ರತಿಯೊಂದರ ಅಂಚಿನಲ್ಲಿಯೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಎದ್ದುನಿಂತ ಇಂಗ್ಲಿಷ್ ಅಕ್ಷರಗಳು. ಲೈನೊಟೈಪ್ ಯಂತ್ರ ಎರಕಹೊಯ್ದ ಸಾಲುಗಳು ಅವು. ಪತ್ರಿಕೆಯ ಅಕ್ಷರಗಳೆಲ್ಲ ಪಿಸ್ತೂಲಿನ ಗುಂಡುಗಳಾಗುತ್ತಿದ್ದ ಆ ದೃಶ್ಯವನ್ನು ಕಂಡು ನನಗೆ ಬೇಸರವಾಯಿತೋ ಬೆರಗಾಯಿತೋ ಈಗಲೂ ನಿಶ್ಚಯಿಸಿ ಹೇಳಲಾರೆ. ಆದರೆ ಮುಂದಿನ ಆರು ವಾರಗಳಲ್ಲಿ ಆ ಗ್ಯಾರೇಜಿಗೆ ಹೋಗದ ದಿನಗಳು ಕಡಮೆ.

ನಮ್ಮ ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ ಅವರದು ಈಡು ತುಂಬುವ ಕೆಲಸ. ಕೇಪಿನ ಕೋವಿಯ ಕಾಲದಲ್ಲಿ ಈಡುಗಾರನು ನಳಿಗೆಯ ಬಾಯಿಗೆ ಮದ್ದನ್ನು ಸುರಿದು, ನಾರನ್ನು ಗಿಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಸರಳಿನಿಂದ ಜಡಿದು, ಹಿಂಬದಿಯಲ್ಲಿ ಕೇಪನ್ನು ಕೂರಿಸುತ್ತಿದ್ದನಷ್ಟೆ. ತೋಟಾ ಬಂದ ಮೇಲೆ ಇವೆಲ್ಲವೂ ಹಿತ್ತಾಳೆಯ ಒಂದು ಪುಟ್ಟ ಕೊಳವೆಯೊಳಗೆ ಸೇರಿಕೊಂಡವು. ಹಾರಿದ ಮೇಲೆ ಗುಂಡು ಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕೇಪು ಸಿಡಿದು ಸಾಯುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ಉಳಿದ ಹಿತ್ತಾಳೆಯನ್ನು ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ಹಾಕಿ, ಗುಂಡನ್ನು ಬಾಯಿಗೆ ಒತ್ತಿದರೆ ಮತ್ತೊಂದು ತೋಟಾ ಸಿದ್ಧ. ಇದಕ್ಕೆ ಅಲ್ಲಿಯವರು ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವ ಕೊಡವರಿಗೆ ದೊರೆತಿರುವ ವಿನಾಯಿತಿ ಸಹ ಕೋವಿಯನ್ನು ಇಟ್ಟುಕೊಳ್ಳುವುದಕ್ಕೇ ಹೊರತು ಇದಕ್ಕಲ್ಲ. ಅಮೆರಿಕದಲ್ಲಾದರೆ ಇದೊಂದು ಮನೆಗೆಲಸ, ನಮ್ಮಲ್ಲಿ ಉಪ್ಪಿನಕಾಯಿ ಹಾಕುವಷ್ಟೇ ಸಹಜವಾದದ್ದು. ನೆರೆಯವರು ಶನಿವಾರದ ಮಧ್ಯಾಹ್ನ ಕಾಗದದ ಗುರಿಗೆ ಹೊಡೆಯಲು ಬೇಕಾದ ನೂರೋ ಇನ್ನೂರೋ .38 ಸ್ಪೆಷಲ್ ತೋಟಾಗಳನ್ನು ವಾರವಿಡೀ ಕುಳಿತು ಮಾಡಿಕೊಳ್ಳುತ್ತಿದ್ದರು.

ಅವರ ತಾಪತ್ರಯ ಸೀಸದ್ದಲ್ಲ, ಹಿತ್ತಾಳೆಯದಲ್ಲ, ಅಂಕಿಗಳದ್ದು. ಒಂದು ತೋಟಾಕ್ಕೆ ಎಷ್ಟು ಗ್ರೇನ್ ಮದ್ದು ಹಾಕಬೇಕು? ಗ್ರೇನೆಂದರೆ ಒಂದು ಪೌಂಡಿನ ಏಳು ಸಾವಿರದಲ್ಲಿ ಒಂದು ಪಾಲು, ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಯ ಗುಲಗಂಜಿಯೊಂದು ಹತ್ತಿರಹತ್ತಿರ ಎರಡು ಗ್ರೇನ್ ತೂಗುತ್ತದೆ. ಪಿಸ್ತೂಲಿನ ತೋಟಾಕ್ಕೆ ಬೇಕಾದದ್ದು ಕೆಲವೇ ಗುಲಗಂಜಿಯಷ್ಟು ಮದ್ದು. ಅಲ್ಲಿ ಅರ್ಧ ಗ್ರೇನಿನ ವ್ಯತ್ಯಾಸವೆಂಬುದು, ಸಾರಿಗೆ ಉಪ್ಪು ಹೆಚ್ಚಾದಂತೆ ಮೂಗು ಮುರಿದು ಬಿಟ್ಟುಬಿಡುವ ಮಾತಲ್ಲ. ಅಲ್ಲದೆ ತಾಮ್ರದ ಕವಚ ಹೊದ್ದ ಗುಂಡಿಗೆ ಹೇಳಿದ ಅಂಕಿಯನ್ನು ಬರಿಯ ಸೀಸದ ಗುಂಡಿಗೆ ಹಾಕಿದರೆ ಹೊಂದುವುದಿಲ್ಲ. ಎರಡಕ್ಕೂ ನಳಿಗೆಯೊಳಗಿನ ಘರ್ಷಣೆ ಬೇರೆ, ವೇಗ ಬೇರೆ, ಒತ್ತಡ ಬೇರೆ. ಕವಚದ ಗುಂಡಿಗೆ ಕೋಷ್ಟಕಗಳು ಹೇರಳವಾಗಿವೆ. ಮನೆಯಲ್ಲಿ ಎರಕಹೊಯ್ದ ಸೀಸಕ್ಕೆ ವಿರಳ. ಇರುವ ಕೆಲವೂ ಒಂದರೊಡನೊಂದು ಹೊಂದುವುದಿಲ್ಲ.

ಅವರ ಗೂಡಿನಲ್ಲಿ ಸಾಲಾಗಿ ನಿಂತಿದ್ದ ಕೈಪಿಡಿಗಳನ್ನು ಒಂದೊಂದಾಗಿ ಇಳಿಸಿ ತೋರಿಸಿದರು. 1884ರಲ್ಲಿ ಜಾನ್ ಬಾರ್ಲೊ ಎಂಬಾತನು ಕನೆಕ್ಟಿಕಟ್‌ನ ನ್ಯೂ ಹೇವನ್ ಊರಿನಲ್ಲಿ ಐಡಿಯಲ್ ಎಂಬ ಕಂಪನಿಯನ್ನು ಸ್ಥಾಪಿಸಿ, ಗುಂಡಿನ ಅಚ್ಚುಗಳನ್ನು ಮಾರುತ್ತ, ಅವುಗಳೊಡನೆ ಮಾಹಿತಿಯ ಪುಸ್ತಿಕೆಗಳನ್ನೂ ಹೊರಡಿಸಿದನು. 1925ರಲ್ಲಿ ಆ ಕಂಪನಿ ಲೈಮನ್ ಕಂಪನಿಯ ಪಾಲಾಯಿತು. ಎರಕದ ಗುಂಡಿಗೆಂದೇ ಲೈಮನ್ ಹೊರಡಿಸಿದ ಕೈಪಿಡಿಯ ಮೂರನೆಯ ಆವೃತ್ತಿ 1980ರದು, ನಾಲ್ಕನೆಯದು 2010ರದು. ಇವುಗಳ ನಡುವೆ ಫಿಲಿಪ್ ಶಾರ್ಪ್‌ನ 1937ರ ಬೃಹದ್ಗ್ರಂಥ. ಮದ್ದಿನ ಕಂಪನಿಗಳ ತೆಳು ಹೊತ್ತಗೆಗಳು. ಇವೆಲ್ಲಕ್ಕಿಂತ ಹೆಚ್ಚಾಗಿ, ಸ್ನೇಹಿತರು ಬರೆದುಕೊಟ್ಟ, ಯಾರದೋ ಟಿಪ್ಪಣಿಯಿಂದ ನಕಲಾದ, ಕಾಫಿಯ ಕಲೆ ಹತ್ತಿದ ಚೀಟಿಗಳು. ಅದೇ ತೋಟಾ, ಅದೇ ತೂಕದ ಗುಂಡು, ಅದೇ ಹೆಸರಿನ ಮದ್ದು. ಒಂದು ಪುಸ್ತಕದ ಗರಿಷ್ಠ ಪ್ರಮಾಣ ಇನ್ನೊಂದು ಪುಸ್ತಕದಲ್ಲಿ ನಡುವಣ ಪ್ರಮಾಣ. ಯಾವುದು ಸರಿ ಎಂದು ಅವರು ನನ್ನನ್ನು ಕೇಳಿದಾಗ ನಗು ಬಂತು. ಕೋವಿಯನ್ನು ಕೈಯಿಂದ ಮುಟ್ಟಿದವನಲ್ಲ ನಾನು. ಆದರೆ ಪ್ರಶ್ನೆ ಮಾತ್ರ ನನ್ನದೇ ಕಸುಬಿನದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ತಲೆದಿಂಬಿನಂತೆ ಬಳಸಿದವರ ಕೈಕೆಳಗೆ ನಾನು ಕರಡು ತಿದ್ದಲು ಕಲಿತವನು. ನಾಲ್ಕು ಓಲೆಪ್ರತಿಗಳು ಒಂದೇ ಪದ್ಯಕ್ಕೆ ನಾಲ್ಕು ಪಾಠಗಳನ್ನು ಕೊಟ್ಟರೆ ಸಂಪಾದಕನು ಮೊದಲು ಕೇಳುವುದು ಯಾವುದು ಸರಿ ಎಂದಲ್ಲ. ಈ ಪ್ರತಿ ಎಲ್ಲಿ ಹುಟ್ಟಿತು, ಯಾವ ಮಾತೃಕೆಯನ್ನು ನೋಡಿ ಬರೆದದ್ದು, ಬರೆದವನು ಎಂಥವನು ಎಂದು. ಒಂದೇ ಮಾತೃಕೆಯಿಂದ ಹತ್ತು ನಕಲುಗಳಾದರೆ ಸಾಕ್ಷಿ ಹತ್ತಲ್ಲ, ಒಂದೇ. ಕಾಫಿಯ ಕಲೆಯ ಚೀಟಿಗಳಲ್ಲಿ ಆರು ಒಂದೇ ಅಂಕಿಯನ್ನು ಹೇಳುತ್ತಿದ್ದವು. ಆರಕ್ಕೂ ಒಂದೇ ತಪ್ಪು ಕಾಗುಣಿತ. ಅದನ್ನು ತೋರಿಸಿದಾಗ ಅವರು ಕನ್ನಡಕವನ್ನು ಹಣೆಗೇರಿಸಿ, ಆ ಆರನ್ನೂ ಮಡಿಸಿ ಕಸದ ಬುಟ್ಟಿಗೆ ಹಾಕಿದರು.

ಇನ್ನು ಸೀಸದ ವಿಚಾರ. ಸೀಸವೆಂದು ಒಂದೇ ಹೆಸರಿನಿಂದ ಕರೆದರೂ ಅದು ಒಂದೇ ಪದಾರ್ಥವಲ್ಲ. ಶುದ್ಧ ಸೀಸ ಉಗುರಿಗೆ ಗೀರುಬೀಳುವಷ್ಟು ಮೃದು. ಬ್ರಿನೆಲ್ ಮಾಪನದಲ್ಲಿ ಅದರ ಗಡಸುತನ ಸುಮಾರು 5. ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸಿದಂತೆಲ್ಲ ಗಡುಸಾಗುತ್ತದೆ. ಲೈಮನ್ ಪುಸ್ತಕಗಳಲ್ಲಿ ಪದೇ ಪದೇ ಕಾಣುವ ‘ನಂಬರ್ 2’ ಎಂಬ ಮಿಶ್ರಣದಲ್ಲಿ ಸೀಸ 90 ಭಾಗ, ತವರ 5, ಆಂಟಿಮನಿ 5, ಗಡಸು 15. ಲೈನೊಟೈಪ್ ಲೋಹದಲ್ಲಿ ಸೀಸ 84, ಆಂಟಿಮನಿ 12, ತವರ 4, ಗಡಸು 22. ಅಚ್ಚಿನ ಸಣ್ಣ ಮೂಲೆಯನ್ನೂ ಬಿಡದೆ ತುಂಬಿಕೊಂಡು ಅಕ್ಷರದ ಅಂಚನ್ನು ಚೂಪಾಗಿ ನಿಲ್ಲಿಸುವ ಗುಣವೇ ಗುಂಡು ಎರಕಹೊಯ್ಯುವವರಿಗೂ ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. 1978ರ ಜುಲೈ 2ರ ಸಂಚಿಕೆಯೊಡನೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಿಸಿಲೋಹದ ಅಕ್ಷರಜೋಡಣೆಯನ್ನು ಕೈಬಿಟ್ಟಿತು. ಒಂದೊಂದಾಗಿ ಎಲ್ಲ ಮುದ್ರಣಾಲಯಗಳೂ ಅದೇ ದಾರಿ ಹಿಡಿದಾಗ ಆ ಲೋಹವೆಲ್ಲ ಗುಜರಿಗೆ ಬಂದು, ಕೆಲವು ವರ್ಷ ಅಗ್ಗವಾಗಿ ದೊರೆತು, ಆಮೇಲೆ ಕಾಣದಾಯಿತು. ಕಾರಿನ ಗಾಲಿಗೆ ಸಮತೂಕಕ್ಕೆಂದು ಹೊಡೆಯುತ್ತಿದ್ದ ಸೀಸದ ತುಂಡುಗಳು, ಗಡಸು ಸುಮಾರು 12, ಬಹುಕಾಲ ಬಡವನ ಲೋಹವಾಗಿದ್ದವು. ಕ್ಯಾಲಿಫೋರ್ನಿಯ 2010ರಿಂದ ಅವನ್ನು ನಿಷೇಧಿಸಿತು. ಈಗ ಟೈರಿನಂಗಡಿಯಿಂದ ತಂದ ಬಕೆಟ್ಟಿನಲ್ಲಿ ಸೀಸದೊಡನೆ ಉಕ್ಕೂ ಸತುವೂ ಬೆರೆತಿರುತ್ತವೆ; ಸತುವು ಒಂದಿಷ್ಟು ಕರಗಿ ಸೇರಿತೆಂದರೆ ಕುಲುಮೆಯ ಲೋಹವೆಲ್ಲ ಗಂಜಿಯಂತಾಗಿ ಅಚ್ಚನ್ನು ತುಂಬುವುದೇ ಇಲ್ಲ. ಹೀಗೆ, ಪುಸ್ತಕ ಹೇಳುವ ಲೋಹ ಕೈಯಲ್ಲಿಲ್ಲ. ಕೈಯಲ್ಲಿರುವ ಲೋಹದ ಕುಲಗೋತ್ರ ತಿಳಿಯದು.

ಗಡಸಾದಷ್ಟೂ ಒಳ್ಳೆಯದಲ್ಲವೆ ಎಂದು ಕೇಳಿದೆ. ನೆರೆಯವರೂ ಮೊದಲು ಹಾಗೆಂದೇ ತಿಳಿದಿದ್ದರಂತೆ. ಅಪ್ಪಟ ಲೈನೊಟೈಪ್‌ನಿಂದ ಗುಂಡು ಮಾಡಿ, ಪುಸ್ತಕದ ಮೃದುವಾದ ಪ್ರಮಾಣವನ್ನು ಹಾಕಿ ಐವತ್ತು ಬಾರಿ ಹೊಡೆದು ಬಂದು ನಳಿಗೆಯನ್ನು ಬೆಳಕಿಗೆ ಹಿಡಿದರೆ, ಒಳಗಿನ ತೋಡುಗಳ ತುಂಬ ಸೀಸದ ಬೂದುಬಣ್ಣದ ಗೆರೆಗಳು. ಅದನ್ನು ಉಜ್ಜಿ ತೆಗೆಯಲು ಎರಡು ಸಂಜೆ ಹಿಡಿಯಿತು. ಕಾರಣವಿಷ್ಟೆ: ಮದ್ದು ಉರಿದಾಗ ಹುಟ್ಟುವ ಒತ್ತಡ ಗುಂಡಿನ ಬುಡವನ್ನು ತುಸು ಹಿಗ್ಗಿಸಿ, ನಳಿಗೆಗೂ ಗುಂಡಿಗೂ ನಡುವಣ ಸಂದನ್ನು ಮುಚ್ಚಬೇಕು, ಮುಚ್ಚದಿದ್ದರೆ ಕಾದ ಅನಿಲ ಆ ಸಂದಿನಲ್ಲಿ ನುಗ್ಗಿ, ಕಮ್ಮಾರನ ತಿದಿಯ ಗಾಳಿಯಂತೆ, ಸೀಸದ ಅಂಚನ್ನೇ ಕರಗಿಸಿ ಗೋಡೆಗೆ ಎರಚುತ್ತದೆ. ಬ್ರಿನೆಲ್ ಅಂಕಿಯನ್ನು 1422ರಿಂದ ಗುಣಿಸಿದರೆ ಬುಡ ಹಿಗ್ಗಲು ಬೇಕಾದ ಒತ್ತಡ, ಚದರ ಇಂಚಿಗೆ ಇಷ್ಟು ಪೌಂಡೆಂದು, ಸ್ಥೂಲವಾಗಿ ಸಿಗುತ್ತದೆಂಬುದು ಈ ಜನರ ಬಾಯಿಲೆಕ್ಕ. 12ರ ಗಡಸಿಗೆ ಅದು 17,000; ವಿಚಿತ್ರವೆಂಬಂತೆ .38 ಸ್ಪೆಷಲ್ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ವಿಧಿಸಿರುವ ಮೇಲ್ಮಿತಿಯೂ 17,000. 22ರ ಗಡಸಿಗೆ 31,000 ದಾಟುತ್ತದೆ; .357 ಮ್ಯಾಗ್ನಂ ಆದರೆ 35,000ದ ಮಿತಿಯೊಳಗೆ ಅದು ಒದಗೀತು, ಪಾಪದ .38 ಎಲ್ಲಿಂದ ತಂದೀತು? ಕಲ್ಲಿನಂಥ ಗುಂಡು ಹಿಗ್ಗದೆ ಹೋಯಿತು. ಆಮೇಲೆ ಅವರು ಲೈನೊಟೈಪ್‌ಗೆ ಮೆತ್ತನೆಯ ಸೀಸವನ್ನು ಬೆರೆಸಿ ಹದಮಾಡಿಕೊಂಡರು. ಅದಕ್ಕಿಂತ ಮುಖ್ಯವಾಗಿ ಗುಂಡನ್ನು ನಳಿಗೆಯ ತೋಡಿಗಿಂತ ಒಂದು ಇಂಚಿನ ಸಾವಿರದಲ್ಲಿ ಒಂದು ಪಾಲು ದಪ್ಪವಾಗಿಯೇ ಉಳಿಸಿಕೊಂಡರು. ಗಾತ್ರ ಕೂಡಿದರೆ ಗಡಸಿನ ತಕರಾರು ಅರ್ಧ ಮುಗಿದಂತೆ ಎಂಬುದು ಅವರ ಅನುಭವ. ಎರಕದವರು ಬಹುಮಂದಿ ಇದನ್ನು ಒಪ್ಪುತ್ತಾರೆ. (.38 ಎಂದು ಹೆಸರಾದ ಈ ತೋಟಾದ ಗುಂಡಿನ ದಪ್ಪ 0.38 ಇಂಚಲ್ಲ, 0.358. ಹಿಂದೆ ಗುಂಡು ಹಿತ್ತಾಳೆಯಷ್ಟೇ ದಪ್ಪವಾಗಿದ್ದ ಕಾಲದ ಹೆಸರು ಉಳಿದುಬಂದಿದೆ. ಅಂಕಿಯನ್ನೇ ಹೆಸರಾಗಿಟ್ಟುಕೊಂಡು ಆ ಅಂಕಿಯಲ್ಲೇ ಸುಳ್ಳಾಡುವ ವಸ್ತುಗಳು ಈ ಲೋಕದಲ್ಲಿ ಬಹಳವುಂಟು.)

ಬುಡ ಹಿಗ್ಗುವ ಈ ತತ್ತ್ವ ನಮ್ಮ ಇತಿಹಾಸಕ್ಕೂ ಅಪರಿಚಿತವಲ್ಲ. ಸಿಪಾಯಿಗಳ ಕೈಗೆ ಕೊಡಹೊರಟ ಎನ್‌ಫೀಲ್ಡ್ ಬಂದೂಕಿನ ಗುಂಡು ಸಹ ಹೀಗೆಯೇ ಬುಡ ಹಿಗ್ಗಿ ನಳಿಗೆಯನ್ನು ಕಚ್ಚಿಕೊಳ್ಳುವಂಥದೇ ಆಗಿತ್ತು. ಬಾಯಿಂದ ತುಂಬಲು ಸಡಿಲ, ಹಾರುವಾಗ ಬಿಗಿ. ಆ ಗುಂಡು ಜಾರಲೆಂದು ತೋಟಾದ ಕಾಗದಕ್ಕೆ ಸವರಿದ ಕೊಬ್ಬು 1857ರಲ್ಲಿ ಏನು ಮಾಡಿತೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಅದೇ ವರ್ಷ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದೆ ಹಲಗಲಿಯ ಬೇಡರು ಸತ್ತರು. ನೆರೆಯವರಿಗೆ ಇದನ್ನು ಹೇಳಿದಾಗ ಅವರು ತಮ್ಮ ಗುಂಡುಗಳಿಗೆ ಸವರುವ ಜೇನುಮೇಣದ ಮುದ್ದೆಯನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಸುಮ್ಮನಿದ್ದರು.

ಪ್ರಮಾಣವು ಸರಿಯಾಗಿದ್ದೂ ಕಾಲಾಂತರದಲ್ಲಿ ತಪ್ಪಾಗುವ ಬಗೆಯೊಂದುಂಟು. ಅದರ ಕಥಾನಾಯಕ ಎಲ್ಮರ್ ಕೀತ್. 1899ರಿಂದ 1984ರವರೆಗೆ ಬದುಕಿದ, ದನ ಕಾಯ್ದು ಬೆಳೆದ, ದೊಡ್ಡ ಹ್ಯಾಟಿನ ಈ ಪುರುಷನು ಅಮೆರಿಕದ ಪಿಸ್ತೂಲುಗಾರರಿಗೆ ಒಂದು ಬಗೆಯ ಸೂತ್ರಕಾರ. .45 ಕೋಲ್ಟ್ ರಿವಾಲ್ವರಿಗೆ ರೈಫಲಿನ ಭಾರವಾದ ಗುಂಡನ್ನು ಇಳಿಸಿ, 1925ರ ಜುಲೈ 4ರ ಸ್ವಾತಂತ್ರ್ಯೋತ್ಸವದಂದು ಹಾರಿಸಹೋಗಿ ರಿವಾಲ್ವರನ್ನೇ ಸಿಡಿಸಿಕೊಂಡವನೆಂದು ಪ್ರಸಿದ್ಧಿ. ತರುವಾಯ ಅವನು ಗಟ್ಟಿಗೋಡೆಯ .44 ಸ್ಪೆಷಲ್ ಕಡೆಗೆ ತಿರುಗಿ, ತಾನೇ ರೂಪಿಸಿದ ಸೀಸದ ಗುಂಡಿಗೆ 2400 ಎಂಬ ಮದ್ದನ್ನು ಹೊಂದಿಸಿ ಪ್ರಮಾಣವನ್ನು ಪ್ರಕಟಿಸಿದನು. ಆ ಕಾಲದ ಹಿತ್ತಾಳೆಯ ಬುಡ ಒಳಗೆ ಪೊಳ್ಳಾಗಿತ್ತು. ಕೇಪಿನ ಸುತ್ತಲೂ ಹಳ್ಳ. ಮುಂದೆ ಕಾರ್ಖಾನೆಗಳು ಬುಡವನ್ನು ಗಟ್ಟಿಯಾಗಿ ತುಂಬಿ ಮಾಡತೊಡಗಿದವು. ಹಿತ್ತಾಳೆ ಬಲವಾಯಿತು, ಆದರೆ ಒಳಗಣ ಅವಕಾಶ ಕಿರಿದಾಯಿತು. ಹಳೆಯ ಅಂಕಿಯ ಮದ್ದೇ ಹೊಸ ಹಿತ್ತಾಳೆಯಲ್ಲಿ ಹೆಚ್ಚಿನ ಒತ್ತಡವನ್ನು ಹುಟ್ಟಿಸತೊಡಗಿತು. ಕೀತ್ ಅದನ್ನರಿತು ತನ್ನ ಪ್ರಮಾಣವನ್ನು ಒಂದು ಗ್ರೇನಿಗಿಂತ ಹೆಚ್ಚಾಗಿ ಇಳಿಸಿದನು. ಆದರೆ ಹಳೆಯ ಪುಸ್ತಕ ಇಳಿಯಲಿಲ್ಲ, ಅದು ಇನ್ನೂ ಕಪಾಟುಗಳಲ್ಲಿ ಕುಳಿತೇ ಇದೆ. ಓಲೆಪ್ರತಿಯ ವಿಷಯದಲ್ಲಿ ಹಳೆಯದೆಂದರೆ ನಮಗೆ ಒಂದು ಭಕ್ತಿಯುಂಟಷ್ಟೆ. ಇಲ್ಲಿ ಆ ಭಕ್ತಿ ಬೆರಳಿಗೆ ಅಪಾಯ.

ಮದ್ದಿನ ಹೆಸರುಗಳ ಕಥೆಯೂ ಇದೇ. ಬುಲ್ಸ್‌ಐ ಮತ್ತು ಯೂನಿಕ್ ಎಂಬ ಎರಡು ಮದ್ದುಗಳು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹುಟ್ಟಿ, ಲಾಫ್ಲಿನ್ ಅಂಡ್ ರ್‍ಯಾಂಡ್ ಕಂಪನಿಯಿಂದ ಡ್ಯೂಪಾಂಟ್‌ಗೆ, 1912ರಲ್ಲಿ ಹರ್ಕ್ಯುಲೀಸ್‌ಗೆ, 1995ರಲ್ಲಿ ಅಲಯಂಟ್‌ಗೆ ಕೈಬದಲಾದರೂ ಹೆಸರು ಮಾತ್ರ ಬದಲಾಗಲಿಲ್ಲ. ಅತ್ತ ಹಾಡ್ಜ್‌ಡನ್‌ನ ಎಚ್110 ಎಂಬುದೂ ವಿಂಚೆಸ್ಟರ್‌ನ 296 ಎಂಬುದೂ ಒಂದೇ ಮದ್ದು, ಡಬ್ಬ ಬೇರೆ. ಹಾಗಿದ್ದೂ ಹಳೆಯ ಕೋಷ್ಟಕಗಳಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಿಗಳು. ಒಬ್ಬನೇ ಕವಿಗೆ ಎರಡು ಹೆಸರಿಟ್ಟು ಇಬ್ಬರ ಚರಿತ್ರೆ ಬರೆದಂತಾಯಿತು. ಇದರ ಮೇಲೆ, ನಮ್ಮೆಲ್ಲರ ಕುಲವೈರಿಯಾದ ಮುದ್ರಾರಾಕ್ಷಸ. ದಶಾಂಶದ ಚುಕ್ಕೆಯೊಂದು ಉದುರಿದರೆ, ಎರಡಂಕಿಗಳು ಸ್ಥಾನ ಬದಲಿಸಿದರೆ, ಕವಿತೆಯಲ್ಲಾದರೆ ಮುಂದಿನ ವಾರ ತಪ್ಪೊಪ್ಪೋಲೆ ಹಾಕಬಹುದು. ನಾನು ಈ ಲೇಖನದಲ್ಲಿ ಮದ್ದಿನ ತೂಕವೊಂದನ್ನೂ ಬರೆಯದಿರುವುದು ಬೇಕೆಂದೇ. ತಾಯಿತಂದೆಯಿಲ್ಲದ ಅಂಕಿಯನ್ನು ದೂರುತ್ತ ಅಂಥದೇ ಇನ್ನೊಂದನ್ನು ಬೀದಿಗೆ ಬಿಡುವುದು ನ್ಯಾಯವಲ್ಲ.

ಗುಂಡನ್ನು ಹಿತ್ತಾಳೆಯೊಳಗೆ ಎಷ್ಟು ಆಳಕ್ಕೆ ಒತ್ತಬೇಕೆಂಬುದು ಮತ್ತೊಂದು. ಗಿಡ್ಡನೆಯ 9 ಮಿಲಿಮೀಟರ್ ತೋಟಾದಲ್ಲಿ ಗುಂಡನ್ನು ಒಂದು ಇಂಚಿನ ನೂರರಲ್ಲಿ ಮೂರು ಪಾಲಿನಷ್ಟು ಹೆಚ್ಚು ಒಳಗೊತ್ತಿದ್ದಕ್ಕೆ, ತಾಮ್ರದ ತುಂಡನ್ನು ಜಜ್ಜಿಸಿ ಅಳೆಯುವ ಹಳೆಯ ಮಾಪನದಲ್ಲಿ ಒತ್ತಡ 28,000ದಿಂದ 62,000ಕ್ಕೆ ಜಿಗಿಯಿತೆಂದು ಸ್ಪೀರ್ ಕಂಪನಿಯ ಕೈಪಿಡಿ ದಾಖಲಿಸಿದೆ. ಉಗುರಿನ ದಪ್ಪದ ವ್ಯತ್ಯಾಸಕ್ಕೆ ಎರಡು ಪಟ್ಟಿಗೂ ಮಿಕ್ಕ ಒತ್ತಡ! .38ರಲ್ಲಿ ಅಪಾಯ ಇದಕ್ಕೆ ವಿರುದ್ಧವಾದ ಕಡೆಯಿಂದ ಬರುತ್ತದೆ. ಅದು ಕರಿಮದ್ದಿಗೆಂದು ಹಿರಿದಾಗಿ ಮಾಡಿದ ಪಾತ್ರೆ. ಇಂದಿನ ಮದ್ದು ಅದರ ತಳದಲ್ಲಿ ಚಿಟಿಕೆಯಷ್ಟು ಕುಳಿತಿರುತ್ತದೆ. ಮರೆತು ಎರಡು ಬಾರಿ ಸುರಿದರೂ ಕೊಳವೆ ತುಂಬುವುದಿಲ್ಲ, ಚೆಲ್ಲಿ ಎಚ್ಚರಿಸುವುದಿಲ್ಲ. ಆದಕಾರಣ ನೆರೆಯವರು ಐವತ್ತು ಹಿತ್ತಾಳೆಗಳನ್ನು ಮರದ ಹಲಗೆಯ ಗುಳಿಗಳಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮುನ್ನ ಟಾರ್ಚು ಹಿಡಿದು ಒಂದೊಂದರ ಒಳಗೂ ಬಗ್ಗಿ ನೋಡುವರು. ಆ ಹೊತ್ತಿನಲ್ಲಿ ಅವರು ಮಾತನಾಡುತ್ತಿರಲಿಲ್ಲ. ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ. ಒತ್ತಡ ಹೆಚ್ಚಾದರೆ ಹಾರಿದ ಕೇಪು ಚಪ್ಪಟೆಯಾಗಿ ಹೇಳುತ್ತದಲ್ಲವೆ ಎಂದು ನಾನು ಎಲ್ಲಿಯೋ ಓದಿದ್ದನ್ನು ಕೇಳಿದ್ದಕ್ಕೆ ತಲೆಯಾಡಿಸಿದರು. ರೈಫಲಿನಲ್ಲಿ ಅದು ಸ್ವಲ್ಪವಾದರೂ ಹೇಳೀತು; .38ರಂಥ ಕಡಮೆ ಒತ್ತಡದ ತೋಟಾದಲ್ಲಿ ಕೇಪು ಚಪ್ಪಟೆಯಾಗುವ ಹೊತ್ತಿಗೆ ಮಿತಿ ಎಂದೋ ದಾಟಿರುತ್ತದೆ. ಕಣ್ಣಿಗೆ ಕಾಣದ್ದನ್ನು ಪ್ರಯೋಗಶಾಲೆಯ ಯಂತ್ರವೇ ಅಳೆಯಬೇಕು; ಆದ್ದರಿಂದಲೇ ಅಳೆದವನ ಪುಸ್ತಕ ಬೇಕು.

ಅಂಥ ಪುಸ್ತಕದಲ್ಲಿ ಏನನ್ನು ನೋಡಬೇಕೆಂಬುದನ್ನು ಅವರು ತೋರಿಸಿದ ರೀತಿ ನನಗೆ ಬಹಳ ಹಿಡಿಸಿತು. ಲೈಮನ್ ಕೈಪಿಡಿಯ ಪುಟವನ್ನು ತೆರೆದು, ದಪ್ಪಕ್ಷರದ ಅಂಕಿಗಳ ಮೇಲೆ ಅಂಗೈಯಿಟ್ಟು ಮುಚ್ಚಿ, ತಲೆಯ ಮೇಲಣ ಸಣ್ಣಕ್ಷರಗಳನ್ನು ಮಾತ್ರ ಓದೆಂದರು: ಗುಂಡಿನ ಅಚ್ಚಿನ ಸಂಖ್ಯೆ, ಲೋಹದ ಮಿಶ್ರಣ, ಗುಂಡಿನ ವ್ಯಾಸ, ತೋಟಾದ ಒಟ್ಟು ಉದ್ದ, ಕೇಪು ಯಾವ ತಯಾರಿಕೆಯದು, ನಳಿಗೆ ಎಷ್ಟು ಉದ್ದದ್ದು. ಇವು ತಮ್ಮದಕ್ಕೆ ಹತ್ತಿರವಾಗಿ ಹೊಂದಿದರಷ್ಟೇ ಕೈ ತೆಗೆಯುವುದು. ತೆಗೆದ ಮೇಲೂ ಕಣ್ಣು ಹಾಯಬೇಕಾದದ್ದು ಆರಂಭದ ಅಂಕಿಗೆ, ಗರಿಷ್ಠದ್ದಕ್ಕಲ್ಲ. ಎರಡು ಸ್ವತಂತ್ರ ಪುಸ್ತಕಗಳ ಆರಂಭದ ಅಂಕಿಗಳು ಭಿನ್ನವಾದರೆ ಕಡಮೆಯದನ್ನೇ ಹಿಡಿಯುವರು. ಆಮೇಲೆ ಹತ್ತು ಹತ್ತು ತೋಟಾಗಳಾಗಿ ಮೇಲೇರುತ್ತ, ವೇಗಮಾಪಕದ ಮುಂದೆ ಹೊಡೆದು ಬರೆದುಕೊಳ್ಳುವರು. ಗುರಿಹಲಗೆಯ ಮೇಲಿನ ತೂತುಗಳು ಒತ್ತಾಗಿ ಬಿದ್ದಲ್ಲಿಗೆ ನಿಲ್ಲಿಸುವರು. ಅವರ ಟಿಪ್ಪಣಿಯ ಪುಸ್ತಕ ನೋಡಿದೆ. ಪ್ರತಿ ಸಾಲಿಗೂ ಲೋಹ ಎಲ್ಲಿಂದ ಬಂದದ್ದು, ಯಾವ ದಿನ ಎರಕವಾದದ್ದು, ಮದ್ದಿನ ಡಬ್ಬದ ತಂಡದ ಸಂಖ್ಯೆ ಏನು ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ನಮ್ಮ ಪ್ರಕಟಿತ ಕಾವ್ಯಗಳಲ್ಲಿ ಎಷ್ಟಕ್ಕೆ ಇಂಥ ಅಡಿಟಿಪ್ಪಣಿಯುಂಟು ಎಂದು ಮನಸ್ಸಿನಲ್ಲೇ ಲೆಕ್ಕಹಾಕಿ, ನಾಚಿ, ಸುಮ್ಮನಾದೆ.

“ಅಪ್ಪಾ, ಅಲ್ಲಿಂದ ಬಂದವರು ಹಿತ್ತಿಲ ನಲ್ಲಿಯಲ್ಲೇ ಕೈ ತೊಳೆದುಕೊಂಡು ಒಳಗೆ ಬನ್ನಿ, ಮಗು ಅಂಬೆಗಾಲಿಡ್ತಾ ಇದೆ” ಎಂದು ಮಗಳು ದಿನವೂ ಹೇಳುತ್ತಿದ್ದಳು. ಅವಳ ಮಾತು ಸರಿ. ಕುಲುಮೆಯ ಬಿಸಿಗೆ ಸೀಸ ಆವಿಯಾಗುವುದು ತೀರ ಕಡಮೆ. ಆದರೆ ಕಿಟ್ಟವಾಗಿ ಏಳುವ ಧೂಳೂ ಸಿಡಿದ ಕೇಪಿನ ಮಸಿಯೂ ಕೈಯಿಂದ ಬಾಯಿಗೆ ಹೋಗುತ್ತವೆ. ನಾವು ಅಚ್ಚುಕೂಟದಲ್ಲಿ ಅದೇ ಕೈಯಲ್ಲಿ ಬೋಂಡ ತಿಂದವರು.

ಊರಿಗೆ ಹೊರಡುವ ಹಿಂದಿನ ಸಂಜೆ ಹೋದಾಗ ಲೈನೊಟೈಪ್ ಪಟ್ಟಿಗಳ ರಾಶಿ ತಳ ಕಂಡಿತ್ತು. ಇನ್ನು ಇಂಥ ಲೋಹ ಸಿಗುವುದಿಲ್ಲವೆಂದು ಹೇಳುತ್ತ ಅವರು ಒಂದು ಪಟ್ಟಿಯನ್ನು ನನ್ನ ಕೈಗಿಟ್ಟು, ಏನು ಬರೆದಿದೆಯೆಂದು ಕೇಳಿದರು. ಇಷ್ಟು ವರ್ಷ ಕರಗಿಸಿದರೂ ಒಂದನ್ನೂ ಓದಿರಲಿಲ್ಲವಂತೆ. ಮೊಳೆ ಓದಿದ ಕಣ್ಣಿಗೆ ತಿರುವುಮುರುವು ಅಡ್ಡಿಯೆ? ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಎಡದಿಂದ ಬಲಕ್ಕೆ ಓದಿದೆ. ಯಾವುದೋ ಹಳೆಯ ಪತ್ರಿಕೆಯ ವ್ಯಾಪಾರದ ಪುಟದ ಸಾಲು. ಆಲೂಗೆಡ್ಡೆಯ ಅಂದಿನ ಧಾರಣೆ. ಯಾವ ವರ್ಷದ್ದು ಎಂದು ಕೇಳಿದರು. ಅದು ಆ ಸಾಲಿನಲ್ಲಿಲ್ಲ ಎಂದೆ. ಅವರು ಅದನ್ನು ಹಿಂದಕ್ಕೆ ಪಡೆದು, ತಕ್ಕಡಿಯಲ್ಲಿಟ್ಟು ತೂಗಿ, ತೂಕವನ್ನು ಪುಸ್ತಕದಲ್ಲಿ ಬರೆದುಕೊಂಡು, ಕುಲುಮೆಗೆ ಇಳಿಬಿಟ್ಟರು.